ಕೈಗೆ ದಾರಿ ಗೊತ್ತಿರುವ ನಾಬ್

ನನ್ನ ಹಳೆಯ ಕಾರಿನ ಈ ನಾಬ್ ನೋಡಿ. ಏಸಿಯ ಗಾಳಿ ಹೆಚ್ಚು ಕಡಿಮೆ ಮಾಡುವುದು ಇದೇ. ಮೇಲಿನ ಬಿಳಿ ಗೆರೆ ನನ್ನ ಹೆಬ್ಬೆರಳಿಗೆ ಸವೆದು ಅಳಿಸಿಹೋಗಿದೆ. ತಿರುಗಿಸಿದಾಗಲೆಲ್ಲ ಒಂದು ಟಕ್. ನಾಲ್ಕನೆಯ ಟಕ್ಕಿಗೆ ಗಾಳಿ ಪೂರ್ತಿ ಜೋರು. ಕಣ್ಣು ರಸ್ತೆಯ ಮೇಲಿದ್ದರೂ ಕೈ ತಾನಾಗಿ ಇಲ್ಲಿಗೆ ಬಂದು ಸೇರುತ್ತದೆ.

ಕಳೆದ ತಿಂಗಳು ಹೊಸ ಮಾದರಿಯ ಕಾರೊಂದನ್ನು ರಾತ್ರಿ ಮಳೆಯಲ್ಲಿ ಓಡಿಸುತ್ತಿದ್ದೆ. ಮುಂದಿನ ಗಾಜಿನ ಒಳಮೈ ಆವಿ ಕಟ್ಟಿ ಮಬ್ಬಾಗತೊಡಗಿತು. ಗಾಜಿನ ಮಬ್ಬು ಕಳೆಯುವ ಡಿಫಾಗರ್ ಹಾಕೋಣವೆಂದರೆ ಟಚ್‌ಸ್ಕ್ರೀನ್ ಪರದೆಯ ತುಂಬ ನಕ್ಷೆ. ಅದನ್ನು ಸರಿಸಿ ಏಸಿಯ ಪುಟಕ್ಕೆ ಹೋಗಬೇಕು, ಅಲ್ಲಿ ಉಗುರಿನಷ್ಟು ಚಿತ್ರವೊಂದನ್ನು ಹುಡುಕಬೇಕು. ಅಷ್ಟರಲ್ಲಿ ಕಾರು ಕುಲುಕಿತು, ಬೆರಳು ಪಕ್ಕದ ಚಿತ್ರಕ್ಕೆ ತಗುಲಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಣ್ಣು ತಗ್ಗಿಸಿದರೆ 66 ಮೀಟರ್ ಕುರುಡು ಓಟ. ಎದೆ ಧಸಕ್ಕೆಂದಿತು. ಆಮೇಲೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

ಕಾರಿನಲ್ಲಿ ಸ್ಪರ್ಶಪರದೆ ಹೊಸದೇನಲ್ಲ. 1986ರ ಬ್ಯೂಕ್ ರಿವಿಯೇರಾದಲ್ಲೇ ಇತ್ತು. ಕೆಲವು ವರ್ಷ ನೋಡಿ ಕೈಬಿಟ್ಟರು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಪರದೆ ಹೊತ್ತು ಬಂದ ಮೇಲೆ ಉಳಿದವರೂ ಆ ದಾರಿ ಹಿಡಿದರು. ನೋಡಲು ಚೆಂದ, ನಿಜ. ಆದರೆ ತಯಾರಕರ ಲೆಕ್ಕ ಬೇರೆಯೇ ಇದೆ. ಒಂದೊಂದು ಗುಂಡಿಗೂ ಅಚ್ಚು ಬೇಕು, ವೈರು ಬೇಕು, ಸಾವಿರಾರು ಸಲ ಒತ್ತಿ ನೋಡುವ ಪರೀಕ್ಷೆ ಬೇಕು. ಪರದೆ ಒಂದಿದ್ದರೆ ಮಿಕ್ಕಿದ್ದೆಲ್ಲ ತಂತ್ರಾಂಶದ ಕೆಲಸ, ಕಾರು ಮಾರಿದ ಮೇಲೂ ತಿದ್ದಬಹುದು. ತಿದ್ದಲು ಬರುವುದಕ್ಕೆ ಬೀಗ ಹಾಕಲೂ ಬರುತ್ತದೆ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಿಸಲು ತಿಂಗಳ ಚಂದಾ ಕೇಳಿತು. ಬಿಸಿಮಾಡುವ ತಂತಿ ಸೀಟಿನೊಳಗೆ ಆಗಲೇ ಇತ್ತು! ಗ್ರಾಹಕರು ತಿರುಗಿಬಿದ್ದರು, ಮರುವರ್ಷ ಕಂಪನಿ ಹಿಂದೆ ಸರಿಯಿತು.

ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ನನ್ನ ಈ ಕಾರಿನಲ್ಲಿ ಇಎಸ್‌ಸಿ, ಅಂದರೆ ಕಾರು ಜಾರಿ ಹತೋಟಿ ತಪ್ಪದಂತೆ ತಡೆಯುವ ವ್ಯವಸ್ಥೆ, ಇಲ್ಲ; ಒದ್ದೆ ತಿರುವಿನಲ್ಲಿ ಅದರ ಕೊರತೆ ಗೊತ್ತಾಗುತ್ತದೆ. ಮನೆಯವರನ್ನು ದೂರದೂರಿಗೆ ಕರೆದೊಯ್ಯುವುದಾದರೆ ಹೊಸ ಕಾರನ್ನೇ ಆರಿಸುತ್ತೇನೆ. 1959ರಲ್ಲಿ ವೋಲ್ವೋ ಮೂರು ಬಿಂದುಗಳ ಸೀಟ್ ಬೆಲ್ಟ್ ತಂದು, ಅದರ ಪೇಟೆಂಟನ್ನು ಬೇರೆ ತಯಾರಕರಿಗೂ ಬಿಟ್ಟುಕೊಟ್ಟಿತು. ಈ ಉದ್ಯಮದ ಮೇಲೆ ನನಗಿರುವ ಗೌರವಕ್ಕೆ ಅದೊಂದೇ ಸಾಕು. ಅಂಥ ಕೆಲಸ ಕಂಡ ಉದ್ಯಮವೇ ವೈಪರನ್ನು ಪರದೆಯೊಳಗೆ ಬಚ್ಚಿಟ್ಟರೆ ಸಂಕಟವಾಗುತ್ತದೆ.

ಗಾಳಿ ಈಗ ತಿರುಗುತ್ತಿದೆ. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನ 2026ರ ನಿಯಮಗಳಲ್ಲಿ ಇಂಡಿಕೇಟರ್, ವೈಪರ್, ಹಾರನ್‌ಗಳಂಥವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇಲ್ಲದ ಕಾರಿಗೆ ಪೂರ್ತಿ ಅಂಕ ಸಿಗುವುದಿಲ್ಲ. ಫೋಕ್ಸ್‌ವ್ಯಾಗನ್ ಕೂಡ ಗುಂಡಿಗಳನ್ನು ಮರಳಿ ತರುವುದಾಗಿ ಹೇಳಿದೆ.

ನೀವು ಕಾರು ಕೊಳ್ಳಲು ಹೋದಾಗ ಹೀಗೆ ಮಾಡಿ. ನಿಂತ ಕಾರಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಳ್ಳಿ. ವೈಪರ್ ಹಾಕಿ, ಹಜಾರ್ಡ್ ದೀಪ ಹಾಕಿ, ಡಿಫಾಗರ್ ಹಾಕಿ. ಮುಂದಿನ ವಿಡಿಯೋದಲ್ಲಿ ಮೂರು ಹೊಸ ಕಾರುಗಳನ್ನು ನಾನೂ ಹೀಗೆಯೇ ಪರೀಕ್ಷಿಸುತ್ತೇನೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು.