ಬೆಳಕಿಗೆ ದಾರಿ ಬಿಡುವ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಲ್ಯಾಂಡ್‌ಲೈನ್ ಕಾಲದಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಫೋನ್ ಹಚ್ಚಿದರೆ ಎರಡು ಥರದ ನಿರಾಸೆ ಕಾದಿರುತ್ತಿತ್ತು. ಒಂದು, ಆ ಕಡೆಯವರು ಬೇರೆ ಯಾರ ಜೊತೆಗೋ ಮಾತಾಡುತ್ತಿರುವುದು. ಇನ್ನೊಂದು, ನಮ್ಮ ಫೋನೂ ಖಾಲಿ, ಅವರ ಫೋನೂ ಖಾಲಿ, ಆದರೆ ನಡುವಿನ ಎಕ್ಸ್‌ಚೇಂಜಿನಲ್ಲಿ ದಾರಿ ಖಾಲಿ ಇಲ್ಲ. ಈ ಎರಡನೆಯದಕ್ಕೆ ಬ್ಲಾಕಿಂಗ್ ಅಂತ ಹೆಸರು. ಅದು ಎಂದೂ ಆಗದ ಹಾಗೆ ಸ್ವಿಚ್ಚುಗಳನ್ನು ಜೋಡಿಸುವುದು ಹೇಗೆ? ನನಗೆ ಬಹಳ ಪ್ರೀತಿಯ ಪ್ರಶ್ನೆ ಇದು.

ನೂರು ಲೈನು ಒಳಗೆ, ನೂರು ಲೈನು ಹೊರಗೆ. ಪ್ರತಿಯೊಂದಕ್ಕೂ ಪ್ರತಿಯೊಂದನ್ನು ನೇರ ಜೋಡಿಸಿದರೆ 10,000 ಸಂಧಿಗಳು, ಅಂದರೆ ಎರಡು ಲೈನು ಕೂಡುವ ತಾಣಗಳು, ಬೇಕು. 1953ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲೋ ಇದನ್ನು ಮೂರು ಹಂತಕ್ಕೆ ಒಡೆದರು. ಮೊದಲ ಹಂತದಲ್ಲಿ ಹತ್ತತ್ತು ಲೈನಿಗೆ ಒಂದು ಸ್ವಿಚ್ಚು, ಕೊನೆಯಲ್ಲೂ ಹಾಗೆಯೇ. ನಡುವಿನ ಹಂತದಲ್ಲಿ ಎಷ್ಟು ಸ್ವಿಚ್ಚು ಬೇಕು ಅನ್ನುವುದರಲ್ಲೇ ಇದೆ ಸೊಗಸು.

ಹುಬ್ಬಳ್ಳಿಯ ಹತ್ತು ಲೈನು ಒಂದು ಸ್ವಿಚ್ಚಿಗೆ ಬಂದಿವೆ ಅನ್ನಿ. ಒಂಬತ್ತು ಆಗಲೇ ಮಾತಿನಲ್ಲಿವೆ, ನಡುವಿನ ಒಂಬತ್ತು ಸ್ವಿಚ್ಚುಗಳನ್ನು ಹಿಡಿದುಕೊಂಡಿವೆ. ಗದಗಿನ ಕಡೆಯ ಸ್ವಿಚ್ಚಿನಲ್ಲೂ ಒಂಬತ್ತು ಮಾತು ನಡೆದಿವೆ, ಅವು ಹಿಡಿದಿರುವುದು ಬೇರೆಯೇ ಒಂಬತ್ತು. ಇದಕ್ಕಿಂತ ಕೆಟ್ಟ ಪರಿಸ್ಥಿತಿ ಸಾಧ್ಯವೇ ಇಲ್ಲ. ಒಂಬತ್ತು ಮತ್ತು ಒಂಬತ್ತು ಹದಿನೆಂಟು. ಹತ್ತೊಂಬತ್ತನೆಯ ಸ್ವಿಚ್ಚು ಒಂದಿದ್ದರೆ ಹತ್ತನೆಯ ಹುಬ್ಬಳ್ಳಿಯವರಿಗೆ ಹತ್ತನೆಯ ಗದಗಿನವರು ಸಿಕ್ಕೇ ಸಿಗುತ್ತಾರೆ. ಸ್ವಿಚ್ಚುಗಳ ಒಳಗಿನ ಸಂಧಿಗಳನ್ನೆಲ್ಲ ಕೂಡಿಸಿದರೆ, ಹಂತಕ್ಕೆ 1,900ರಂತೆ, ಒಟ್ಟು 5,700. ಹತ್ತು ಸಾವಿರ ಲೈನಿಗೆ ಹೋಗಿ, ನೂರು ನೂರು ಲೈನಿಗೆ ಒಂದು ಸ್ವಿಚ್ಚಿಟ್ಟರಂತೂ, ನೇರ ಜೋಡಣೆ 10 ಕೋಟಿ ಕೇಳುವಲ್ಲಿ ಇದು 60 ಲಕ್ಷದೊಳಗೆ ಮುಗಿಸುತ್ತದೆ.

ನಡುವೆ ಹತ್ತೊಂಬತ್ತರ ಬದಲು ಹತ್ತೇ ಸ್ವಿಚ್ಚಿಟ್ಟರೂ ಎಲ್ಲರಿಗೂ ದಾರಿ ಸಿಗುತ್ತದೆ. ಆದರೆ ಹೊಸಬರು ಬಂದಾಗ, ನಡೆಯುತ್ತಿರುವ ಕೆಲವು ಮಾತುಗಳನ್ನು ಬೇರೆ ದಾರಿಗೆ ಹೊರಳಿಸಬೇಕಾದೀತು. ಬೆಲ್ ಪ್ರಯೋಗಾಲಯದವರೇ ಆದ ವಾಕ್ಲಾವ್ ಬೆನೆಶ್ ಈ ವಿಚಾರವನ್ನು ಇನ್ನೂ ಮುಂದೆ ಒಯ್ದರು. ಎರಡು ಒಳಗೆ, ಎರಡು ಹೊರಗೆ ಇರುವ ಪುಟ್ಟ ಸ್ವಿಚ್ಚುಗಳಿಂದಲೇ ಇಡೀ ಜಾಲ ಕಟ್ಟಬಹುದು. 16 ಲೈನಿಗೆ ಏಳು ಹಂತ, 56 ಸ್ವಿಚ್ಚು. ಕಾಗದದ ಮೇಲೆ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ.

ಇವತ್ತು ಆ ಲೈನುಗಳಲ್ಲಿ ಹರಿಯುವುದು ಬೆಳಕು. ಇಲ್ಲಿಗೆ ಬಂದ ಮೇಲೆ ಸಂಧಿಗಳ ಲೆಕ್ಕವೊಂದೇ ಸಾಲದು ಅನ್ನುವುದೇ ನಾನು ಇಂದು ಮುಖ್ಯವಾಗಿ ಹೇಳಬೇಕಾದ ಮಾತು.

ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇಲ್ಲದಿದ್ದರೆ ರೈಲನ್ನು ಔಟರ್ ಸಿಗ್ನಲ್ಲಿನಲ್ಲಿ ನಿಲ್ಲಿಸುತ್ತಾರೆ. ಬೆಳಕನ್ನು ಹಾಗೆ ನಿಲ್ಲಿಸಿಟ್ಟುಕೊಳ್ಳಲು ಬರುವುದಿಲ್ಲ. ಸೆಕೆಂಡಿಗೆ 100 ಗಿಗಾಬಿಟ್ ಒಯ್ಯುವ ದಾರಿಯನ್ನು ಹತ್ತು ಮಿಲಿಸೆಕೆಂಡು ಕಡಿದು ಹೊರಳಿಸಿದಿರಿ ಅನ್ನಿ, 100 ಕೋಟಿ ಬಿಟ್ ಹೋದ ಹಾಗೆಯೇ. ಹೊರಳಿಸುವ ಅಗ್ಗದ ಉಪಾಯ ಇಲ್ಲಿ ದುಬಾರಿ.

ಎರಡನೆಯದು ಸೋರಿಕೆ. ಒಂದೊಂದು ಹಂತದಲ್ಲಿ ಒಂದು ಡೆಸಿಬೆಲ್, ಅಂದರೆ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಬೆಳಕು, ಕಳೆದುಕೊಂಡರೂ ಏಳು ಹಂತ ದಾಟುವಷ್ಟರಲ್ಲಿ ಉಳಿಯುವುದು ಐದರಲ್ಲಿ ಒಂದು ಪಾಲು ಬೆಳಕು. ಅದಕ್ಕಿಂತ ಕಾಡುವುದು ಕ್ರಾಸ್‌ಟಾಕ್: ಒಂದೇ ಸ್ವಿಚ್ಚಿನಲ್ಲಿ ಎರಡು ಬೆಳಕು ಹಾಯುವಾಗ ಒಂದರ ಚೂರು ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ. ಎರಡೂ ಒಂದೇ ಬಣ್ಣದ್ದಾದರೆ ಮುಂದೆ ಸೋಸಿ ತೆಗೆಯಲು ಬರುವುದಿಲ್ಲ. ಬೆನೆಶ್ ಜಾಲ ಪೂರ್ತಿ ತುಂಬಿದಾಗ ಐವತ್ತಾರೂ ಸ್ವಿಚ್ಚುಗಳಲ್ಲಿ ಜೋಡಿ ಬೆಳಕೇ ಇರುತ್ತದೆ, ಒಂದೂ ಬಿಡದೆ! ಆದ್ದರಿಂದ ಒಂದು ಸ್ವಿಚ್ಚಿಗೆ ಒಂದೇ ಬೆಳಕು ಅಂತ ನಿಯಮ ಹಾಕಿಕೊಂಡು ಜಾಲವನ್ನು ಹಿಗ್ಗಿಸಿದ ವಿನ್ಯಾಸಗಳು ಬಂದವು. ಸ್ವಿಚ್ಚುಗಳು ದುಪ್ಪಟ್ಟಿಗೂ ಮಿಕ್ಕಿ ಬೇಕು. ಆ ಖರ್ಚು ಸಾರ್ಥಕ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ದಾರಿ ಕನ್ನಡಿಗಳದ್ದು. ಮಿಲಿಮೀಟರ್ ಆಸುಪಾಸಿನ, ಎರಡು ದಿಕ್ಕಿಗೂ ಓಲುವ ಕನ್ನಡಿಗಳು. ಒಳಬರುವ ಪ್ರತಿ ಫೈಬರಿಗೆ ಒಂದು, ಹೊರಹೋಗುವ ಪ್ರತಿ ಫೈಬರಿಗೆ ಒಂದು. ನೂರು ಲೈನಿಗೆ ಇನ್ನೂರು ಕನ್ನಡಿ ಸಾಕು, ಬೆಳಕು ಎರಡೇ ಸಲ ಪುಟಿದು ಹೊರಬೀಳುತ್ತದೆ. ಬ್ಲಾಕಿಂಗ್ ಇಲ್ಲ, ಯಾರನ್ನೂ ಹೊರಳಿಸುವ ಪ್ರಸಂಗವೂ ಇಲ್ಲ. ಕನ್ನಡಿ ಓಲಿ ಸ್ಥಿರವಾಗಲು ಮಿಲಿಸೆಕೆಂಡುಗಳು ಬೇಕು, ಅದೇ ಮುಖ್ಯ ತೊಡಕು. ಗಂಟೆಗಟ್ಟಲೆ ಬದಲಾಗದ ದಾರಿಗಳಿಗೆ ಇದು ಒಪ್ಪುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ದಾರಿಗಳಿಗೆ ಪುಟ್ಟ ಸ್ವಿಚ್ಚುಗಳ ಜಾಲವೇ ಬೇಕು.

ಧಾರವಾಡ, ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುತ್ತಿದ್ದರೆ ಒಂದು ಕೆಲಸ ಮಾಡಿ ನೋಡ್ರಿ. ಎಂಟು ಲೈನಿನ ಬೆನೆಶ್ ಜಾಲ ಬರೆಯಿರಿ: ಐದು ಹಂತ, ಇಪ್ಪತ್ತು ಸ್ವಿಚ್ಚು. ನಾಲ್ಕೇ ಲೈನುಗಳಲ್ಲಿ ಬೆಳಕು ಬಿಟ್ಟು, ಎಲ್ಲಿಯೂ ಎರಡು ಬೆಳಕು ಒಂದೇ ಸ್ವಿಚ್ಚಿನಲ್ಲಿ ಸೇರದಂತೆ ದಾರಿ ಹುಡುಕಿರಿ. ಯಾವ ನಾಲ್ಕು ಲೈನು ಆರಿಸಿದರೆ ದಾರಿ ಸಿಗುತ್ತದೆ, ಯಾವುವನ್ನು ಆರಿಸಿದರೆ ಸಿಗುವುದಿಲ್ಲ ಅಂತ ಪಟ್ಟಿ ಮಾಡಿರಿ. ನಮಸ್ಕಾರ.