ಅಟ್ಟದಿಂದ ಇಳಿದ ಆಸ್ಬರ್ನ್, ಅದರೊಳಗಿನ ಗುಹೆ

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ನಮ್ಮ ಸೋದರಮಾವನ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಅಟ್ಟದ ಸಾಮಾನು ಇಳಿಸುತ್ತಿದ್ದ ಹುಡುಗ, 'ಸಾರ್, ಈ ಹೊಲಿಗೆ ಮಿಷನ್ ಎಲ್ಲಿಡ್ಲಿ?' ಅಂದ. ಅವನ ತಪ್ಪೇನಿಲ್ಲ. ಹಿಡಿಕೆ ಇರುವ ಪ್ಲಾಸ್ಟಿಕ್ ಪೆಟ್ಟಿಗೆ, ಹತ್ತಿರ ಹತ್ತಿರ 11 ಕಿಲೋ ತೂಕ. ಕೊಂಡಿ ತೆಗೆದು ಮುಚ್ಚಳ ಇಳಿಸಿದರೆ ಆ ಮುಚ್ಚಳವೇ ಕೀಬೋರ್ಡ್. ಒಳಗೆ ಎಡಕ್ಕೊಂದು ಬಲಕ್ಕೊಂದು ಫ್ಲಾಪಿ ಡ್ರೈವ್, ಅಂದರೆ ಪ್ರೋಗ್ರಾಂ ಇರುವ ತೆಳು ಡಿಸ್ಕ್ ತೂರಿಸುವ ಬಾಯಿ. ನಡುವೆ ಅಂಗೈಯಗಲದ ಪರದೆ. ಈಗ ನಿಮ್ಮ ಮುಂದೆ ಮೇಜಿನ ಮೇಲಿರುವುದು ಅದೇ: ಆಸ್ಬರ್ನ್ 1.

ಇದು ಹೊರಬಂದದ್ದು 1981ರ ಏಪ್ರಿಲ್‌ನಲ್ಲಿ, ಅಮೆರಿಕದಲ್ಲಿ. ಬೆಲೆ 1,795 ಡಾಲರ್. ಎತ್ತಿಕೊಂಡು ಓಡಾಡುವ ಕಂಪ್ಯೂಟರ್ ಅಂತ ಜನ ಮುಗಿಬಿದ್ದು ಕೊಂಡರು. ಎತ್ತಿಕೊಂಡು ಅಂದರೆ ನಿಜವಾಗಲೂ ಎತ್ತಿಕೊಂಡೇ. ಒಳಗೆ ಬ್ಯಾಟರಿ ಇಲ್ಲ. ಹೋದ ಕಡೆ ಮೊದಲು ಪ್ಲಗ್ ಪಾಯಿಂಟ್ ಹುಡುಕಬೇಕು. ವಿಮಾನದ ಸೀಟಿನ ಕೆಳಗೆ ಹಿಡಿಸಬೇಕು ಅನ್ನೋ ಅಳತೆಯಲ್ಲಿ ಲೀ ಫೆಲ್ಸನ್‌ಸ್ಟೈನ್ ವಿನ್ಯಾಸ ಮಾಡಿದ್ದರು. ಝಡ್80 ಪ್ರೊಸೆಸರ್, 64 ಕೆಬಿ ಮೆಮೊರಿ. ಬೆಳಗಾದರೆ ನಿಮ್ಮ ವಾಟ್ಸಾಪ್‌ಗೆ ಬೀಳುತ್ತಲ್ಲ 'ಶುಭೋದಯ' ಚಿತ್ರ, ಅದು ಇದಕ್ಕಿಂತ ದೊಡ್ಡದು.

ಇದಕ್ಕೆ ಹೆಸರು ಕೊಟ್ಟ ಆಡಂ ಆಸ್ಬರ್ನ್ ನಮಗೆ ಅಷ್ಟೇನೂ ದೂರದವರಲ್ಲ. ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕ್‌ನಲ್ಲಿ. ಬಾಲ್ಯ ಕಳೆದದ್ದು ತಿರುವಣ್ಣಾಮಲೈನಲ್ಲಿ. ಅಪ್ಪ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಶಿಷ್ಯರು. ಅಲ್ಲಿನ ಅರುಣಾಚಲ ಬೆಟ್ಟದ ಬುಡದಲ್ಲಿ ಆಡಿ ಬೆಳೆದ ಹುಡುಗ ಅಮೆರಿಕಕ್ಕೆ ಹೋಗಿ ಕಂಪ್ಯೂಟರ್ ಪುಸ್ತಕ ಬರೆದು, ಕಂಪನಿ ಕಟ್ಟಿದ. 1983ರ ಸೆಪ್ಟೆಂಬರ್‌ಗೆ ಕಂಪನಿ ದಿವಾಳಿ. ಹೊಸ ಮಾದರಿ ಬರುತ್ತೆ ಅಂತ ಮೊದಲೇ ಬಾಯಿಬಿಟ್ಟಿದ್ದಕ್ಕೆ ಹಳೇದನ್ನು ಯಾರೂ ಕೊಳ್ಳಲಿಲ್ಲ, ಅದಕ್ಕೇ ಮುಳುಗಿತು ಅಂತ ಕತೆ. ವ್ಯಾಪಾರದ ಪಾಠಗಳಲ್ಲಿ ಇದಕ್ಕೆ 'ಆಸ್ಬರ್ನ್ ಎಫೆಕ್ಟ್' ಅಂತ ಹೆಸರೇ ಇದೆ. ನನಗೇನೋ ಅದು ಅರ್ಧ ಸತ್ಯ ಅನಿಸುತ್ತದೆ. ಅಷ್ಟರಲ್ಲಿ ಕೇಪ್ರೋ ಅನ್ನೋ ಕಂಪನಿ 9 ಇಂಚಿನ ಪರದೆಯ ಯಂತ್ರವನ್ನು ಇದಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಿತ್ತು. ಇದರದ್ದು 5 ಇಂಚು. ನೀವೇ ಹೇಳಿ, ಯಾವುದು ಕೊಳ್ಳುತ್ತಿದ್ದಿರಿ? ಆಡಂ ಕೊನೆಗೆ ಭಾರತಕ್ಕೇ ವಾಪಸಾದರು. ತೀರಿಕೊಂಡದ್ದು 2003ರಲ್ಲಿ, ಕೊಡೈಕೆನಾಲ್‌ನಲ್ಲಿ.

ಇರಲಿ, ಪೆಟ್ಟಿಗೆಗೆ ಬರೋಣ. ಮಾವ ಇದನ್ನು ಕೊಂಡದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದಾಗ. ಊರಿಗೆ ಬಂದ ಮೇಲೆ ಅಟ್ಟ ಸೇರಿತು. ನಾನು ಬೆಂಗಳೂರಿಗೆ ತಂದೆ. ಅಮೆರಿಕದ ಕರೆಂಟಿಗೆ ಮಾಡಿದ ಯಂತ್ರ ಅಂತ ನೆನಪಿಟ್ಟು ಟ್ರಾನ್ಸ್‌ಫಾರ್ಮರ್ ಹಾಕಿದೆ. ಅಷ್ಟು ಜಾಣತನ ಸಾಕು ಅಂದುಕೊಂಡೆ. ಹತ್ತು ನಿಮಿಷಕ್ಕೆ 'ಫಟ್' ಅಂತು, ಮನೆ ತುಂಬ ಕೆಟ್ಟ ವಾಸನೆಯ ಹೊಗೆ. ಕರೆಂಟ್ ಒಳಬರುವ ಜಾಗದಲ್ಲಿ ಒಂದು ಕಾಗದದ ಕೆಪಾಸಿಟರ್ ಇತ್ತು, ಕರೆಂಟಿನ ಗದ್ದಲ ಸೋಸುವ ಪುಟ್ಟ ಬಿಡಿಭಾಗ. 40 ವರ್ಷದಲ್ಲಿ ಅದರ ಮೈ ಬಿರಿದು, ತೇವ ಕುಡಿದು ಕೂತಿತ್ತು. ಹಳೇ ಯಂತ್ರಕ್ಕೆ ಕರೆಂಟ್ ಕೊಡುವ ಮುಂಚೆ ಅದನ್ನು ಬದಲಾಯಿಸಬೇಕು ಅಂತ ಈ ಹುಚ್ಚು ಇರುವವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆತುರ.

ಹೊಸದು ಹಾಕಿದ ಮೇಲೆ ಪರದೆ ಬೆಳಗಿತು. ಆಮೇಲೆ ಫ್ಲಾಪಿಗಳು. ಅರ್ಧಕ್ಕರ್ಧ ಬೂಷ್ಟು. ಬೂಷ್ಟು ಹಿಡಿದದ್ದನ್ನು ಡ್ರೈವಿಗೆ ಹಾಕಿದರೆ ಅದು ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನದನ್ನೂ ಕೆರೆದು ಹಾಳು ಮಾಡುತ್ತದೆ. ಹಾಗಾಗಿ ಚೆನ್ನಾಗಿದ್ದವನ್ನು ಮಾತ್ರ ಹಾಕಿದೆ. ಪ್ರತಿ ಸಲ ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಹೆಡ್ ಒರೆಸಿದೆ. ಏಳನೇ ಫ್ಲಾಪಿಯಲ್ಲಿ ಒಂದು ಆಟ ಸಿಕ್ಕಿತು. 'ಅಡ್ವೆಂಚರ್'.

ಇದರಲ್ಲಿ ಚಿತ್ರ ಇಲ್ಲ, ಬರೀ ಮಾತು. ಬರೆದದ್ದು ವಿಲ್ ಕ್ರೌದರ್. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ಗೆ ಕೆಲಸ ಮಾಡಿದ ಪ್ರೋಗ್ರಾಮರ್, ಜೊತೆಗೆ ಗುಹೆ ಹೊಕ್ಕುವ ಚಟದವರು. ಕೆಂಟಕಿಯ ಮ್ಯಾಮತ್ ಗುಹೆಗಳ ನಕ್ಷೆ ಮಾಡಿದವರು. ಮದುವೆ ಮುರಿದ ಮೇಲೆ, ಹೆಣ್ಣುಮಕ್ಕಳಿಗೆ ಆಡೋಕೆ ಅಂತ 1970ರ ದಶಕದ ನಡುವೆ ಇದನ್ನು ಬರೆದರು. 1977ರಲ್ಲಿ ಡಾನ್ ವುಡ್ಸ್ ಇನ್ನಷ್ಟು ಸೇರಿಸಿದರು. ಮನೆಯೊಂದರ ಹತ್ತಿರ ಆಟ ಶುರು. ದೀಪ, ಕೀಲಿ, ಊಟ, ನೀರಿನ ಬಾಟಲಿ ಎತ್ತಿಕೊಂಡು ಗುಹೆಗೆ ಇಳಿಯಬೇಕು. ಎರಡೆರಡು ಮಾತಿನಲ್ಲಿ ಹೇಳಿದರೆ ಯಂತ್ರ ಕೇಳುತ್ತದೆ: ದೀಪ ತಗೋ, ಬಾಗಿಲು ತೆರೆ.

ಈ ಪರದೆಯಲ್ಲಿ ಅದನ್ನು ಆಡೋದೇ ಒಂದು ಮಜಾ. ಸಾಲಿಗೆ 52 ಅಕ್ಷರ ಮಾತ್ರ ಕಾಣುತ್ತದೆ. ಮೆಮೊರಿಯಲ್ಲಿ ಸಾಲು 128 ಅಕ್ಷರದವರೆಗೆ ಇರುತ್ತದೆ. ಹಾಗಾಗಿ ವಾಕ್ಯ ಬಲಗಡೆ ಎಲ್ಲೋ ಮರೆಯಾಗುತ್ತದೆ. ಕಂಟ್ರೋಲ್ ಜೊತೆ ಬಾಣದ ಕೀ ಒತ್ತಿ ಪರದೆಯನ್ನು ಆ ಕಡೆಗೆ ಸರಿಸಬೇಕು. ಕಿಟಕಿ ಸಂದಿಯಿಂದ ತೇರು ನೋಡಿದ ಹಾಗೆ. ಕತ್ತಲ ಗುಹೆಗೆ ಇದಕ್ಕಿಂತ ಒಳ್ಳೇ ಪರದೆ ನನಗೆ ಗೊತ್ತಿಲ್ಲ.

ಡ್ರೈವ್‌ಗಳ ಕೆಳಗೆ ಫ್ಲಾಪಿ ಇಡೋಕೆ ಎರಡು ಗೂಡುಗಳಿವೆ, ನೋಡಿ. ಎಡಗಡೆ ಗೂಡಿನ ಹಿಂದೆ ಮಡಿಸಿದ ಗ್ರಾಫ್ ಹಾಳೆ ಸಿಕ್ಕಿತು. ಪೆನ್ಸಿಲ್‌ನಲ್ಲಿ ಗುಹೆಯ ನಕ್ಷೆ, ಮಾವನ ಕನ್ನಡ ಅಕ್ಷರ. 'ಇಲ್ಲಿ ಹಾವು.' ಪಕ್ಕದಲ್ಲಿ, 'ಹಕ್ಕಿ ಬಿಡು, ಓಡತ್ತೆ.' ಇನ್ನೊಂದು ಕಡೆ, 'ಕೋಲು ಹಿಡ್ಕೊಂಡ್ರೆ ಹಕ್ಕಿ ಹತ್ರ ಬರಲ್ಲ.' ಅದಾದ ಮೇಲೆ ಎಲ್ಲ ದಾರಿಗಳೂ ಒಂದೇ ಥರ ಕಾಣುವ ಜಾಗ. ಅಲ್ಲಿ ಗುರುತಿಗೆ ಒಂದೊಂದು ಸಾಮಾನು ಬೀಳಿಸುತ್ತ ಹೋಗಬೇಕು. 'ಇಲ್ಲಿ ಕೀಲಿ', 'ಇಲ್ಲಿ ಬಾಟ್ಲಿ' ಅಂತ ಬರೆದಿದ್ದಾರೆ. ಆಮೇಲೆ ಹಾಳೆ ಖಾಲಿ. ಅಂಚಿನಲ್ಲಿ ಮೂರು ಸಲ, 'ದೀಪ ಆರಿತು.'

ಆ ದೀಪಕ್ಕೆ ಲೆಕ್ಕ ಇದೆ. ಸುಮಾರು 330 ನಡೆ, ಅಷ್ಟೇ. ಆಮೇಲೆ ಕತ್ತಲು, ಕಾಲು ಜಾರಿ ಗುಂಡಿಗೆ ಬೀಳೋದು.

ಅವತ್ತೇ ರಾತ್ರಿ ಮಾವನಿಗೆ ಫೋನ್ ಮಾಡಿದೆ. 'ಅಡ್ವೆಂಚರ್' ಸಿಕ್ತು ಅಂದದ್ದೇ ತಡ, 'ಹಾವು ಓಡ್ಸಿದ್ಯೇನೋ?' ಅಂದರು. ಓಡಿಸಿದೆ ಮಾವ, ನಿಮ್ಮ ಹಾಳೆ ಸಿಕ್ತು ಅಂದೆ. 'ನಂಗೆ ಮೂರು ವಾರ ಹಿಡೀತು ಕಣೋ. ಆ ಕೋಲು ಕೆಳಗಿಡಬೇಕು ಅಂತ ಯಾರಿಗೆ ಹೊಳೆಯತ್ತೆ?' ಅಂದರು. ದೀಪದ ವಿಷಯ ಕೇಳಿದೆ. ಪ್ರತಿ ಸಲ ಅಲ್ಲೇ ಸತ್ತೆ, ಬೇಜಾರಾಗಿ ಬಿಟ್ಟುಬಿಟ್ಟೆ ಅಂದರು.

ಮಾವ, ಆ ಗುಹೆಯೊಳಗೆ ಬ್ಯಾಟರಿ ಮಾರೋ ಮಿಷನ್ ಇದೆ, ನಾಣ್ಯ ಹಾಕಿದರೆ ಕೊಡುತ್ತೆ ಅಂದೆ.

ಆ ಕಡೆ ಮಾತಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

'ಅಂಗಡಿ ಇತ್ತಾ ಒಳಗೆ?' ಅಂದರು. ಆಮೇಲೆ, 'ಭಾನುವಾರ ಬೆಳಗ್ಗೆ ಬಸ್ಸಿಗೆ ಬರ್ತೀನಿ. ನೀನು ಮುಂದಕ್ಕೆ ಆಡ್ಬೇಡ.'