ಇಳಿತದ ಹೊತ್ತಿಗೆ ಅಘನಾಶಿನಿಯಲ್ಲಿ

ಕೇಳುಗರಿಗೆ ನಮಸ್ಕಾರ. ಕಡಲ ಜೀವಪರಿಸರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೊದಲ ಸಲ ಅಘನಾಶಿನಿಯ ಅಳಿವೆಗೆ ಹೋದಾಗ ನಾನು ಗಡಿಯಾರವನ್ನು ನೆಚ್ಚಿಕೊಂಡಿದ್ದೆ. ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ನೀರು ಪೂರ್ತಿ ಇಳಿದಿತ್ತೆಂದು ಮರುದಿನವೂ ಏಳಕ್ಕೇ ಹೋಗಿ ನಿಂತರೆ ಕೆಸರುದಿಬ್ಬ ಇನ್ನೂ ನೀರಿನಡಿಯಲ್ಲೇ ಇತ್ತು. ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಬಂದು ದಡದಲ್ಲಿ ಬುಟ್ಟಿಯಿಟ್ಟು ಕುಳಿತಿದ್ದ ಹೆಂಗಸೊಬ್ಬರು, “ನಿನ್ನೆ ಹೊತ್ತಿಗೇ ಇವತ್ತು ನೀರು ಇಳೀತದಾ ಮಾಸ್ತರ್ರೆ? ಇನ್ನೊಂದು ತಾಸು ಕೂತ್ಕಳಿ” ಎಂದರು. ಉಬ್ಬರವಿಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದನ್ನು ಅವರು ದಿನದ ದುಡಿಮೆಯಿಂದಲೇ ಬಲ್ಲವರಾಗಿದ್ದರು. ಅಂದಿನಿಂದ ನಮ್ಮ ಕ್ಷೇತ್ರಕಾರ್ಯದ ದಿನಗಳನ್ನು ನೀರು ಅತಿ ಹೆಚ್ಚು ಇಳಿಯುವ ಹುಣ್ಣಿಮೆ, ಅಮಾವಾಸ್ಯೆಗಳನ್ನು ನೋಡಿಯೇ ಗೊತ್ತುಮಾಡುತ್ತೇವೆ.

ಶಿರಸಿಯ ಕಡೆ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿಗೂ ಸಿಲುಕದೆ ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಈ ನದಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಅಳಿವೆಯನ್ನು ತುಂಬುತ್ತದೆ, ಬೇಸಿಗೆಯಲ್ಲಿ ಕಡಲ ಉಪ್ಪುನೀರು ಒಳನಾಡಿನವರೆಗೆ ಏರುತ್ತದೆ. ಈ ಏರುಪೇರನ್ನು ತಾಳಬಲ್ಲ ಜೀವಿಗಳು ಮಾತ್ರ ಇಲ್ಲಿ ನೆಲೆ ನಿಲ್ಲುತ್ತವೆ. ರಿಫ್ರಾಕ್ಟೋಮೀಟರ್ ಎಂಬ ಅಳತೆಯ ಉಪಕರಣದ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿದರೆ ಉಪ್ಪಿನ ಪ್ರಮಾಣ ಕಾಣುತ್ತದೆ. ತೆರೆದ ಕಡಲಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುವ ಉಪ್ಪು, ಜುಲೈ ತಿಂಗಳಲ್ಲಿ ಹೊಳೆಯ ಮೇಲ್ಭಾಗಕ್ಕೆ ಹೋದರೆ ಇಲ್ಲವೆಂಬಷ್ಟು ಕಡಿಮೆಯಾಗಿರುತ್ತದೆ.

ಕೆಸರಿನೊಳಗಿನ ಜೀವಿಗಳ ಎಣಿಕೆಯ ಕೆಲಸಕ್ಕೆ ದಡದಿಂದ ನೀರಿನಂಚಿನವರೆಗೆ ಹಗ್ಗ ಎಳೆದು, ಮೊದಲೇ ಗೊತ್ತುಮಾಡಿದ ಅಂತರಗಳಲ್ಲಿ ಅರ್ಧ ಮೀಟರಿನ ಚೌಕಟ್ಟನ್ನು ಇಟ್ಟು, ಅದರೊಳಗಿನ ಕೆಸರನ್ನು ಜರಡಿಯಲ್ಲಿ ತೊಳೆಯುತ್ತೇವೆ. ಕೆಸರು ಹರಿದುಹೋದ ಮೇಲೆ ಜರಡಿಯಲ್ಲಿ ಉಗುರಿನಷ್ಟು ಚಿಕ್ಕ ಬಳಚಿನ ಮರಿಗಳೂ ಕೆಂಪು ದಾರದಂತಹ ಹುಳುಗಳೂ ಉಳಿಯುತ್ತವೆ. ಚಿಪ್ಪುಗಳು ಹೆಚ್ಚಾಗಿ ಕಂಡ ಕಡೆಗೆ ಚೌಕಟ್ಟನ್ನು ಸರಿಸಬೇಕೆಂದು ಹೊಸಬರ ಕೈ ತುಡಿಯುವುದು ಸಹಜ, ಆದರೆ ಅಷ್ಟು ಸರಿಸಿದರೂ ಇಡೀ ದಿಬ್ಬದ ಲೆಕ್ಕ ಸುಳ್ಳಾಗುತ್ತದೆ. ಏನೂ ಸಿಗದ ಚೌಕಕ್ಕೆ ಸೊನ್ನೆಯೆಂದೇ ಬರೆಯಬೇಕು. ಮುಂದಿನ ವರ್ಷ ಅದೇ ಜಾಗದಲ್ಲಿ ಹತ್ತು ಬಳಚು ಸಿಕ್ಕರೆ, ಅದರ ಅರ್ಥ ತಿಳಿಯುವುದು ಈ ಸೊನ್ನೆಯಿಂದಲೇ. ವಿದ್ಯಾರ್ಥಿಗಳ ಪುಸ್ತಕದಲ್ಲಿ ನಾನು ಮೊದಲು ಹುಡುಕುವುದೂ ಸೊನ್ನೆಗಳನ್ನೇ.

ಎಣಿಕೆ ಮುಗಿದೊಡನೆ ಜೀವಿಗಳನ್ನು ಅದೇ ಗುಂಡಿಗೆ ಬಿಟ್ಟು ಕೆಸರು ಮುಚ್ಚುತ್ತೇವೆ. ಅಷ್ಟರಲ್ಲಿ ಹೆಂಗಸರು ತುಂಬಿದ ಬುಟ್ಟಿಗಳನ್ನು ದೋಣಿಗೆ ಏರಿಸುತ್ತಿರುತ್ತಾರೆ, ಹಗ್ಗದ ತುದಿ ನೀರಿನಲ್ಲಿ ತೇಲತೊಡಗಿರುತ್ತದೆ.